ಕುಂತಿಯ ಹೆಗಲು

ಅಪ್ಪ ಅಮ್ಮನನ್ನು ವೃದ್ಧಾಶ್ರಮಕ್ಕೆ ‘ಹಾಕಿದರು’ ಎನ್ನುತ್ತೇವೆ. ಅವರೇ ‘ಹೋದರು’ ಎನ್ನುವುದು ಅಪರೂಪ. ಮುಪ್ಪಿನವರು ನಾಲ್ಕಾರು ಜನ ಸೇರಿ ಒಂದು ಮನೆಯಲ್ಲಿ ಬದುಕಿದರೆ ಮಕ್ಕಳು ಪಿತೃಋಣದಿಂದ ಕೈತೊಳೆದುಕೊಂಡಂತೆ ಎಂಬ ತೀರ್ಮಾನ ಆ ಒಂದು ಕ್ರಿಯಾಪದದಲ್ಲೇ ಅಡಗಿದೆ. ಧರ್ಮದ ಹೆಸರಿನಲ್ಲಿ ಹೀಗೆ ಹೇಳುವವರು ಮಹಾಭಾರತದ ಆಶ್ರಮವಾಸಿಕ ಪರ್ವವನ್ನೊಮ್ಮೆ ನೋಡಬೇಕು. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ 15 ವರ್ಷ ಪಾಂಡವರ ಆಸರೆಯಲ್ಲಿದ್ದ. ಧರ್ಮರಾಯ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಭೀಮನ ಚುಚ್ಚುಮಾತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಕಾಡಿಗೆ ಹೊರಟಾಗ ಮುಂದೆ ಕುಂತಿ, ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಕುರುಡ ಗಂಡನ ಕೈ. ಕುಂತಿಯನ್ನು ಯಾರೂ ಕಳಿಸಿರಲಿಲ್ಲ. ಗೆದ್ದ ಮಕ್ಕಳು ಎಷ್ಟು ಬೇಡಿಕೊಂಡರೂ ಅವಳು ತಿರುಗಲಿಲ್ಲ. ಅರಮನೆಯಲ್ಲಿ ಅವಳು ಸೇವೆ ಮಾಡಿಸಿಕೊಳ್ಳುವ ರಾಜಮಾತೆ. ಇಲ್ಲಿ ಅವಳ ಹೆಗಲು ಇಬ್ಬರಿಗೆ ಬೇಕಾಗಿತ್ತು.

ಅನ್ನ, ಔಷಧಿಯಷ್ಟೇ ಮುಪ್ಪಿಗೆ ಬೇಕಾದದ್ದು ಈ ‘ಬೇಕಾಗುವಿಕೆ’. ಮಗನ ಮನೆಯಲ್ಲಿ ಅಕ್ಕರೆ ಎಷ್ಟೇ ಇರಲಿ, ಅದು ಹೆಚ್ಚಾಗಿ “ನೀವು ಸುಮ್ಮನೆ ಕೂತಿರಿ ಅಮ್ಮ” ಎನ್ನುವಲ್ಲಿ ಮುಗಿಯುತ್ತದೆ. ಪಡೆಯುವುದೊಂದೇ ಉಳಿದಾಗ ಅಕ್ಕರೆಯೂ ಹಂಗಾಗುತ್ತದೆ. ಓರಗೆಯವರ ಮನೆಯಲ್ಲಿ ಒಬ್ಬರು ಅವರೆಕಾಳು ಹಿಸುಕುತ್ತ ಕೂತರೆ, ಬೆರಳು ನಡುಗುವ ಇನ್ನೊಬ್ಬರು ಪಕ್ಕದಲ್ಲಿ ಪೇಪರ್ ಓದಿ ಹೇಳುತ್ತಾರೆ. ವಾನಪ್ರಸ್ಥವೆಂದರೆ ತ್ಯಾಗ, ಠೇವಣಿ ಕಟ್ಟಿ ಕೋಣೆ ಹಿಡಿಯುವುದಲ್ಲ ಎಂಬ ಆಕ್ಷೇಪವಿದೆ. ಕಾಡಿನ ಹೆಸರಿಟ್ಟು ಲಿಫ್ಟು ಮಾರುವ ಜಾಹೀರಾತು ಕಂಡರೆ ನನಗೂ ನಗು ಬರುತ್ತದೆ. ಆದರೆ ಬಿಡಬೇಕಾದದ್ದು ಮೊದಲು ಯಜಮಾನಿಕೆಯನ್ನು; ಸೂರನ್ನೂ ಸಂಗವನ್ನೂ ಅಲ್ಲ. ಧೃತರಾಷ್ಟ್ರನ ಕೂಟವೂ ರಾಜರ್ಷಿ ಶತಯೂಪನ ಆಶ್ರಮ ಸೇರಿ ಅವನಿಂದಲೇ ಕಾಡಿನ ನಿಯಮ ಕಲಿಯಿತು. ಇನ್ನು ಮನುಸ್ಮೃತಿ ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯೋ ಜೊತೆಗೆ ಕರೆದುಕೊಂಡೋ ಕಾಡಿಗೆ ಹೋಗು ಎಂದು ಗಂಡನಿಗೆ ಹೇಳುತ್ತದೆ, ಆಯ್ಕೆ ಅವಳದಲ್ಲ. ವಿಧವೆ ಕುಂತಿ ಯಾರನ್ನೂ ಕೇಳದೆ ಆರಿಸಿಕೊಂಡಳು.

ಹೆಚ್ಚು ತೂಕದ ಆಕ್ಷೇಪ ಬೇರೆಯೇ ಇದೆ. ಮುದುಕರಿಗೆ ಮುದುಕರೇ ಆಸರೆಯಾದರೆ ಎಲ್ಲರೂ ಒಟ್ಟಿಗೆ ಸೋತ ದಿನ ಏನು ಗತಿ? ಕಥೆ ಇದನ್ನು ಮುಚ್ಚಿಟ್ಟಿಲ್ಲ. ಕಾಳ್ಗಿಚ್ಚು ಬಂದಾಗ ಮೂವರಿಗೂ ಓಡುವ ತ್ರಾಣವಿರಲಿಲ್ಲ, ಜೊತೆಗಿದ್ದ ಸಂಜಯನೊಬ್ಬ ಪಾರಾದ. ಹಾಗಾಗಿ ಬೇರೆ ಸೂರು ಎಂದರೆ ಋಣ ಹರಿಯಿತೆಂದಲ್ಲ. ಸ್ವಂತ ಗಳಿಕೆಯಿಂದ ಬದುಕಲಾಗದ ತಂದೆತಾಯಿಗೆ ಮಕ್ಕಳು ಜೀವನಾಂಶ ಕೊಡಬೇಕೆನ್ನುವ 2007ರ ಕಾಯ್ದೆಯೂ ಒಂದೇ ಮನೆಯಲ್ಲಿರಬೇಕೆಂಬ ಷರತ್ತು ಹಾಕಿಲ್ಲ. ಪಾಂಡವರು ಒಮ್ಮೆ ಕಾಡಿಗೆ ಹೋಗಿ ತಿಂಗಳಿಗೂ ಮಿಕ್ಕಿ ಇದ್ದು ಬಂದರು. ಆಮೇಲೆ ಎರಡು ವರ್ಷ ಕಳೆದು ನಾರದ ಬಂದು ಹೇಳಿದಾಗಲೇ ಅವರಿಗೆ ಬೆಂಕಿಯ ಸುದ್ದಿ ಗೊತ್ತಾದದ್ದು. ತಾವೆಲ್ಲ ಬದುಕಿರುವಾಗಲೇ ಹಿರಿಯರು ಅನಾಥರಂತೆ ಸತ್ತರಲ್ಲ ಎಂದು ಧರ್ಮರಾಯ ಆಗ ಅತ್ತ.