ಮನೆಯ ಅಲಂಕಾರ ಯಾರಿಗಾಗಿ?

ಕಾರವಾರ, ಅಂಕೋಲೆಗಳಲ್ಲಿ ಹೊಸ ಮನೆ ಕಟ್ಟಿಸುವವರು ಈಗ ಕಲ್ಲು, ಮರಳಿಗಿಂತ ಮೊದಲು ಚಿತ್ರಗಳನ್ನು ಕೂಡಿಡುತ್ತಾರೆ. ಪತ್ರಿಕೆಯಲ್ಲಿ ಬಂದ ಹಾಲ್, ದುಬೈಯಿಂದ ತಮ್ಮ ಮೊಬೈಲಿಗೆ ಕಳಿಸಿದ ಅಡುಗೆಮನೆ, ಗೋವಾದ ಹೋಟೆಲೊಂದರ ಮಲಗುವ ಕೋಣೆ. ಮೇಸ್ತ್ರಿಗೆ ಅವನ್ನು ತೋರಿಸಿ "ನಮಗೂ ಇಂಥದ್ದೇ ಬೇಕು" ಎನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿರುವುದನ್ನು ನೋಡಿ ಕಲಿಯುವುದು ಮನುಷ್ಯನ ಸ್ವಭಾವ. ಆದರೆ ಒಂದು ಒಳ್ಳೆಯ ಕೋಣೆಯಿಂದ ನಾವು ಕಲಿಯಬೇಕಾದದ್ದು ಏನನ್ನು? ಅದರೊಳಗಿನ ಸಾಮಾನನ್ನೋ, ಅದು ಮನುಷ್ಯರನ್ನು ಬರಮಾಡಿಕೊಳ್ಳುವ ಬಗೆಯನ್ನೋ?

ಆ ಚಿತ್ರಗಳಲ್ಲಿ ಮಳೆ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಪಡುವಣಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟವರು ಆಷಾಢದಲ್ಲಿ ಕಿಟಕಿಯ ಕೆಳಗೆ ಗೋಣಿಚೀಲ ಹಾಸುತ್ತಾರೆ. ಕಾರ್ಪೆಟ್ಟಿಗೆ ಬೂಸು ಹಿಡಿಯುತ್ತದೆ. ಹಳೆಯ ಚಿರೆಕಲ್ಲಿನ ಮನೆ ಕಟ್ಟಿದವರಿಗೆ ಮಳೆ ಯಾವ ಕಡೆಯಿಂದ ಬರುತ್ತದೆಂದು ಗೊತ್ತಿತ್ತು. ಇಳಿಜಾರು ಮಾಡು, ಗೋಡೆ ನೆನೆಯದಂತೆ ಮುಂದೆ ಚಾಚಿದ ಸೂರು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಾಡತೊಡಗಿದ ಹಂಚು. ಇವೆಲ್ಲ ಈ ನೆಲದ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು.

ಆ ಮನೆಗಳ ಮುಂದೆ ಜಗಲಿ ಇರುತ್ತಿತ್ತು. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಉಸಿರು ಬಿಡಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಹಾಗೆಂದು ಹಳೆಯದೆಲ್ಲ ಒಳ್ಳೆಯದಿತ್ತು ಎನ್ನಲಾಗದು. ಅದೇ ಜಗಲಿ ಎಷ್ಟೋ ಮಂದಿಗೆ ದಾಟಬಾರದ ಗಡಿಯಾಗಿತ್ತು; ಇನ್ನು ಕೆಲವರಿಗೆ ಅದನ್ನು ಏರುವುದಕ್ಕೂ ಅವಕಾಶವಿರಲಿಲ್ಲ. ಯಾರು ಎಲ್ಲಿಯವರೆಗೆ ಬರಬಹುದೆಂದು ಮನೆಯ ವಿನ್ಯಾಸ ಬಾಯಿಬಿಡದೆಯೇ ಹೇಳುತ್ತದೆ. ಇಂದು ಕಾಂಪೌಂಡ್ ಗೋಡೆ ಮತ್ತು ಕಬ್ಬಿಣದ ಗೇಟು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿವೆ.

1883ರಲ್ಲಿ ಯುವಕ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಒಂದು ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ಟಾಗೋರರು ತಮ್ಮ 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. ದಂಡೆಗಿಳಿದು ರೈತನೊಬ್ಬನ ಮನೆಯ ಗುಡಿಸಿದ ಅಂಗಳದಲ್ಲಿ, ಬೆಳದಿಂಗಳು ಬಿದ್ದ ಕಡೆ ಕುಳಿತು, ತಾವೇ ತಂದಿದ್ದ ಬುತ್ತಿಯನ್ನು ಉಂಡರಂತೆ. ಕಲ್ಕತ್ತದ ಜೋಡಾಸಾಂಕೋದ ದೊಡ್ಡ ಮನೆಯಲ್ಲಿ ಬೆಳೆದವರು ಅವರು. ಎಷ್ಟೋ ವರ್ಷಗಳ ನಂತರವೂ ಅವರ ನೆನಪಿನಲ್ಲಿ ಉಳಿದದ್ದು ಚೊಕ್ಕಟವಾದ ಒಂದು ಅಂಗಳ ಮತ್ತು ಅಪರಿಚಿತರಿಗೆ ಅಲ್ಲಿ ಸಿಕ್ಕ ಜಾಗ. ಆ ರೈತ ಯಾವ ಅಲಂಕಾರದ ಪುಸ್ತಕವನ್ನೂ ನೋಡಿರಲಾರ.

ಇದಕ್ಕೆ ವಿರುದ್ಧವಾದ ಕೋಣೆಗಳೂ ಇವೆ. ದೆಹಲಿಯ ರಾಷ್ಟ್ರಪತಿ ಭವನದ ದರ್ಬಾರ್ ಹಾಲನ್ನು ಲುಟ್ಯೆನ್ಸ್ ರೂಪಿಸಿದ್ದು ಬ್ರಿಟಿಷ್ ವೈಸರಾಯ್‌ಗಾಗಿ. ಒಳಗೆ ಬಂದವನಿಗೆ ತಾನು ಚಿಕ್ಕವನೆನಿಸಬೇಕು. ಸಾಮ್ರಾಜ್ಯದ ಕಟ್ಟಡಗಳ ಉದ್ದೇಶವೇ ಅದು. 2021ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪಡೆಯಲು ಆ ಹಾಲಿಗೆ ಬರಿಗಾಲಲ್ಲಿ ನಡೆದು ಹೋದರು. 2024ರಲ್ಲಿ ತೀರಿಕೊಂಡ ಆ ಹಾಲಕ್ಕಿ ಅಜ್ಜಿಯ ಎದುರು ಅಂದು ಅಮೃತಶಿಲೆಯ ಕಂಬಗಳು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಎಲ್ಲರಿಗೂ ಅಂಥ ಧೈರ್ಯ ಇರುವುದಿಲ್ಲ. ನಮ್ಮ ಹೊಳೆಯುವ ಟೈಲ್ಸಿನ ಮೇಲೆ ಕಾಲಿಡಲು ಹಿಂಜರಿದು ಬಾಗಿಲಲ್ಲೇ ನಿಲ್ಲುವ ಬಡ ನೆಂಟನನ್ನು ನೋಡಿದರೆ ಇದು ತಿಳಿಯುತ್ತದೆ.

ಹಾಗಾದರೆ ಸೌಂದರ್ಯವೇ ಬೇಡವೇ? ಇಸ್ಲಾಮ್ ಹಾಗೆ ಹೇಳುವುದಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಕೊಟ್ಟ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಕುರ್‌ಆನ್ ಕೇಳುತ್ತದೆ. ದುಂದುವೆಚ್ಚವನ್ನು ಮಾತ್ರ ತಡೆಯುತ್ತದೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗ ಪ್ರವಾದಿ(ಸ)ಯವರು, ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ಬಿಡಿಸಿ ಹೇಳಿದರು. ಮನೆಯ ಅಲಂಕಾರಕ್ಕೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೇ?

ಹಝ್ರತ್ ಆಯಿಶಾ(ರ) ಅವರ ಮನೆಯ ಪರದೆಯ ಪ್ರಸಂಗ ಹಲವರಿಗೆ ಗೊತ್ತು. ಚಿತ್ರಗಳಿದ್ದ ಆ ಪರದೆ ಪ್ರವಾದಿ(ಸ)ಯವರಿಗೆ ಹಿಡಿಸಲಿಲ್ಲ. ಅದನ್ನು ಕತ್ತರಿಸಿ ದಿಂಬು ಮಾಡಿದರು. ಪ್ರವಾದಿವರ್ಯರು ಅದಕ್ಕೆ ಒರಗಿ ಕುಳಿತರು. ವಿದ್ವಾಂಸರು ಇದನ್ನು ಚಿತ್ರಗಳ ಕುರಿತ ವಿಷಯವಾಗಿ ಚರ್ಚಿಸಿದ್ದಾರೆ. ನನಗೆ ಅದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ತೂಗುಹಾಕಿದ್ದಾಗ ನೋಡುವುದಕ್ಕಷ್ಟೇ ಇದ್ದ ಬಟ್ಟೆ ದಿಂಬಾದಾಗ ದಣಿದ ಬೆನ್ನಿಗೆ ಆಸರೆಯಾಯಿತು.

ನಮ್ಮ ಮನೆಗಳಲ್ಲಿ ಇಂದು ನಡೆಯುತ್ತಿರುವುದು ಇದರ ತಿರುಗುಮುರುಗು. ಪಡಸಾಲೆಯಲ್ಲಿ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದ ದಾದಿಯ ಮಂಚ ಹೊಸ ಸೋಫಾಕ್ಕೆ ಹೊಂದುವುದಿಲ್ಲವೆಂದು ಹಿಂದಿನ ಕೋಣೆಗೆ ಹೋಗುತ್ತದೆ. "ದಾದಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎನ್ನುತ್ತಾರೆ ಮೊಮ್ಮಕ್ಕಳು. ಗಾಳಿ ಬರುತ್ತದೆ ನಿಜ, ಜನ ಬರುವುದಿಲ್ಲ. ಹಾಲ್ ಸುಂದರವಾಯಿತು, ಆದರೆ ಆ ಮನೆಯಲ್ಲಿ ಒಬ್ಬರು ಕೀಳಾದರು.

ಚಿತ್ರ ನೋಡಿ ಮನೆ ಮಾಡಲು ಹೊರಟವರು ಮೇಸ್ತ್ರಿಯನ್ನು ಕರೆಯುವ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು: ಇಲ್ಲಿ ಯಾರು ಕೂರುತ್ತಾರೆ? ಇದನ್ನು ದಿನಾ ಗುಡಿಸಿ ಒರೆಸುವವರು ಯಾರು? ಇಲ್ಲಿಗೆ ಬರಲು ಹಿಂಜರಿಯುವವರು ಯಾರು? ಕುರ್‌ಆನ್ ಮನೆಗೆ ಬಳಸುವ ಪದಗಳಲ್ಲಿ 'ಸಕನ್' ಒಂದು. ಉರ್ದುವಿನಲ್ಲಿ ನಾವು ನೆಮ್ಮದಿಗೆ ಹೇಳುವ 'ಸಕೂನ್' ಅದೇ ಬೇರಿನದು. ಬಣ್ಣ, ಪರದೆ, ಬೆಳಕು ಎಲ್ಲವನ್ನೂ ಆರಿಸೋಣ. ಆದರೆ ದಾದಿಯ ಮಂಚಕ್ಕೆ ಜಾಗ ಬಿಟ್ಟ ನಂತರ.