ಮೌನವು ಶೀಲವೇ?

ಪ್ರೌಢಶಾಲೆಯ ಮಕ್ಕಳಿಗೆ ದೇಹದ ಬೆಳವಣಿಗೆ, ಪ್ರಜನನ, ಸ್ತ್ರೀಪುರುಷರ ಪರಸ್ಪರ ನಡತೆ ಇವುಗಳನ್ನು ಬೋಧಿಸಬೇಕೆ ಬೇಡವೆ ಎಂಬ ಪ್ರಶ್ನೆಯು ನಾಡಿನಲ್ಲಿ ಬಹುಕಾಲದಿಂದ ಚರ್ಚೆಗೊಳಗಾಗಿದೆ. 2005ರಲ್ಲಿ ಕೇಂದ್ರ ಸರ್ಕಾರವು ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. 2007ರಲ್ಲಿ ಬೇರೆ ಕೆಲವು ರಾಜ್ಯಗಳಂತೆ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಮುಂದೆ 2020ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಶಾಲಾ ಆರೋಗ್ಯ ಕಾರ್ಯಕ್ರಮವು ಬಂದಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ತರಬೇತಿ ಪಡೆದು, ವಾರಕ್ಕೊಂದು ಗಂಟೆ ಹನ್ನೊಂದು ವಿಷಯಗಳನ್ನು ಬೋಧಿಸಬೇಕೆಂಬುದು ಅದರ ಕ್ರಮ. ಆಹಾರ, ಮನಸ್ಸಿನ ಸ್ವಾಸ್ಥ್ಯ, ಪರಸ್ಪರ ಸಂಬಂಧ, ದುಶ್ಚಟಗಳ ನಿವಾರಣೆ ಇವೆಲ್ಲವೂ ಅದರಲ್ಲಿ ಸೇರಿವೆ. ಆದರೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಬೋಧನೆ ನಡೆದಂತಾಗದು. ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವುದು ಅಪರೂಪವೇನಲ್ಲ.

ಈ ಬೋಧನೆಯನ್ನು ಒಲ್ಲದವರ ಆಕ್ಷೇಪಗಳು ಮುಖ್ಯವಾಗಿ ಎರಡು. ಅರಿಯದವನಲ್ಲಿ ಆಸೆ ಹುಟ್ಟದು, ತಿಳಿಸಿದರೆ ಕೆರಳುವುದು ಎಂಬುದು ಮೊದಲನೆಯದು. ಇದು ತಾಯಿತಂದೆಗಳ ಕರ್ತವ್ಯವೇ ಹೊರತು ಶಾಲೆಯದಲ್ಲ ಎಂಬುದು ಎರಡನೆಯದು. ಇವುಗಳ ಹಿಂದಿರುವುದು ಮಕ್ಕಳ ಮೇಲಿನ ಅಕ್ಕರೆಯೇ ಆದುದರಿಂದ ಇವನ್ನು ಹಳಿಯದೆ ಪರಿಶೀಲಿಸತಕ್ಕದ್ದು.

ಹುಡುಗನ ದನಿ ಒಡೆಯುವುದಾಗಲಿ, ಹುಡುಗಿಯು ಋತುಮತಿಯಾಗುವುದಾಗಲಿ ಗುರುವಿನ ಅಪ್ಪಣೆಗಾಗಿ ಕಾಯುವುದಿಲ್ಲ. ಬದಲಾವಣೆ ಬಂದೊಡನೆ ಪ್ರಶ್ನೆಯೂ ಬರುವುದು. ಹಿರಿಯರು ಬಾಯಿ ಮುಚ್ಚಿದರೆ ಉತ್ತರವು ಅಂಗೈಯಲ್ಲಿರುವ ಮೊಬೈಲಿನಿಂದ ಬರುವುದು. ಅಲ್ಲಿ ಗುರುವೂ ಇಲ್ಲ, ಮರ್ಯಾದೆಯೂ ಇಲ್ಲ. ಹೀಗಿರುವಾಗ ಹಿರಿಯರ ಮೌನವು ಮಗುವನ್ನು ಅಜ್ಞಾನದಲ್ಲಿಯೂ ಉಳಿಸದು. ಕೆಟ್ಟ ಗುರುವಿನ ಕೈಗೆ ಒಪ್ಪಿಸುವುದು. ಕ್ರಮವಾದ ಬೋಧನೆಯಿಂದ ಮಕ್ಕಳು ಬೇಗ ದಾರಿ ತಪ್ಪುವರೆಂಬುದಕ್ಕೆ ಆಧಾರವಿಲ್ಲವೆಂದು ಯುನೆಸ್ಕೊ ಸಂಸ್ಥೆಯು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ 2018ರ ತನ್ನ ಮಾರ್ಗದರ್ಶಿಯಲ್ಲಿ ತಿಳಿಸಿದೆ.

ಮನೆಯೇ ಮೊದಲ ಪಾಠಶಾಲೆಯೆಂಬುದು ನಿಜ. ಆದರೆ ಎಷ್ಟು ಮನೆಗಳಲ್ಲಿ ತಂದೆಯು ಮಗನೊಡನೆ ಈ ಮಾತನ್ನು ಎತ್ತುವನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದ್ದಿತು. ಆ ಮದುವೆಗಳನ್ನು ನಿಶ್ಚಯಿಸಿದವರು ಬಹುಮಟ್ಟಿಗೆ ಮನೆಯವರೇ. ಮನೆಯು ತಪ್ಪಿದಲ್ಲಿ ಮಗುವಿಗೆ ತನ್ನ ಹಕ್ಕನ್ನು ತಿಳಿಸುವವರು ಯಾರು? ಶಾಲೆಯು ಮನೆಯ ಸ್ಥಾನವನ್ನು ಕಸಿಯಬೇಕಿಲ್ಲ. ಅದರ ಕೊರತೆಯನ್ನು ತುಂಬಿದರೆ ಸಾಕು.

ಲಜ್ಜೆಗೂ ಅಜ್ಞಾನಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಪ್ರದರ್ಶಿಸಬಾರದುದನ್ನು ಮರೆಮಾಡುವುದು ಲಜ್ಜೆ. ತಿಳಿಯಬೇಕಾದುದನ್ನು ಮರೆಮಾಡುವುದು ವಂಚನೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭದ ಉತ್ಪತ್ತಿ ಬೆಳವಣಿಗೆಗಳು ಸಂಕೋಚವಿಲ್ಲದೆ ನಿರೂಪಿತವಾಗಿವೆ. ಆ ಆಚಾರ್ಯರನ್ನು ನಿರ್ಲಜ್ಜರೆಂದು ಯಾರೂ ಕರೆದಿಲ್ಲ. ಶಿವಶರಣರಂತೂ ಜನನ, ಮರಣಾದಿ ಸೂತಕಗಳೊಡನೆ ರಜಸ್ಸೂತಕವನ್ನೂ ನಿರಾಕರಿಸಿದರು. ಲಿಂಗಧಾರಿಣಿಗೆ ಆ ದಿನಗಳಲ್ಲಿಯೂ ಪೂಜೆಯು ತಪ್ಪಬೇಕಿಲ್ಲವೆಂದರು. ಸ್ತ್ರೀದೇಹದ ಸಹಜ ಧರ್ಮವು ಮೈಲಿಗೆಯಲ್ಲವೆಂದು ಸಾರಿದ ಪರಂಪರೆಯಲ್ಲಿ ಹುಟ್ಟಿದವರು, ಅದೇ ವಿಷಯವನ್ನು ಮಗಳಿಗೆ ತಿಳಿಸಲು ನಾಚಿಕೊಂಡರೆ, ಸೂತಕವು ಅಂಗಳದಿಂದ ಹೊರಟು ನಾಲಗೆಯಲ್ಲಿ ನೆಲಸಿದಂತಾಯಿತು.

ಹಾಗಾದರೆ ಬೋಧಿಸುವ ಬಗೆ ಯಾವುದು? ರೋಗಗಳ ಭಯವನ್ನಷ್ಟೇ ಹುಟ್ಟಿಸುವುದು ಒಂದು ಬಗೆ. ಭಯವು ಅಳಿದೊಡನೆ ಆ ಬೋಧೆಯೂ ಅಳಿಯುವುದು. ಅಂಗಾಂಗಗಳ ಹೆಸರುಗಳನ್ನಷ್ಟೇ ಕಲಿಸುವುದು ಇನ್ನೊಂದು. ಅದು ಅರಿವನ್ನು ಕೊಟ್ಟೀತು, ನಡತೆಯನ್ನು ಕೊಡದು. ಅರಿವಿನೊಡನೆ ಆಚಾರವೂ ಕೂಡಿದಾಗ ವಿವೇಕವು ಮೂಡುವುದು. ಅನ್ಯರ ದೇಹವು ತನ್ನ ಭೋಗದ ವಸ್ತುವಲ್ಲ, ಒಲ್ಲೆನೆಂದವರ ಮಾತನ್ನು ಮೀರತಕ್ಕದ್ದಲ್ಲ ಎಂಬುದನ್ನು ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ಕಲಿಸಬೇಕು.

ಇದರಲ್ಲಿಯೇ ಕಠಿಣವಾದ ಇನ್ನೊಂದು ಪಾಠವೂ ಅಡಗಿದೆ. ಹಿರಿಯರಿಗೆ ವಿಧೇಯರಾಗಿರಿ ಎಂದು ಮಕ್ಕಳಿಗೆ ನಿತ್ಯವೂ ಹೇಳಲಾಗುತ್ತದೆ. ಆ ಹಿರಿಯನೇ ಕೈಮೀರಿದರೆ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯು ಬಂಧುಗಳು, ವಿದ್ಯಾಸಂಸ್ಥೆ ಹಾಗೂ ಧಾರ್ಮಿಕ ಸಂಸ್ಥೆಗಳ ಸಿಬ್ಬಂದಿ ಎಸಗಿದ ಇಂಥ ಅಪರಾಧವನ್ನು ಹೆಚ್ಚು ಘೋರವೆಂದು ಎಣಿಸುತ್ತದೆ. ಇದು ನ್ಯಾಯವೇ ಸರಿ. ನಂಬಿಗೆಯು ಎಷ್ಟು ದೊಡ್ಡದೋ ದ್ರೋಹವೂ ಅಷ್ಟು ದೊಡ್ಡದು. ಆದುದರಿಂದ ಮಾವನಿರಲಿ, ಶಿಕ್ಷಕನಿರಲಿ, ಪೂಜ್ಯಸ್ಥಾನದಲ್ಲಿರುವವನೇ ಇರಲಿ, ಅಂಥವನಿಗೆ ‘ಒಲ್ಲೆ’ ಎನ್ನುವುದು ಅವಿನಯವಲ್ಲವೆಂದು ಮಗುವಿಗೆ ಸ್ಪಷ್ಟವಾಗಿ ತಿಳಿಸಬೇಕು. ಗುರುಭಕ್ತಿಯು ಗುರುತ್ವಕ್ಕೆ ಸಲ್ಲುವುದು, ಗುರುವಿನ ದೋಷಕ್ಕಲ್ಲ.

ಬೋಧಕನಿಗೂ ಇಲ್ಲೊಂದು ಧರ್ಮಸಂಕಟವುಂಟು. ‘ಯಾರಿಗೂ ಹೇಳಬೇಡಿ’ ಎಂದು ಮಗುವು ತನ್ನ ನೋವನ್ನು ಹೇಳಿಕೊಂಡರೆ, ಮಾತು ಕೊಟ್ಟು ಗುಟ್ಟನ್ನು ಕಾಯಬೇಕೆ? ಅಪರಾಧವು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದೇ ಕಾಯ್ದೆಯು ವಿಧಿಸಿದೆ. ಪಾಲಿಸಲಾಗದ ವಚನವನ್ನು ಕೊಡುವುದು ಅಸತ್ಯ. ಪಾಲಿಸಿದರೆ ಮಗುವಿಗೆ ಕೇಡು. ಆದುದರಿಂದ ‘ನಿನ್ನನ್ನು ಕಾಯಬಲ್ಲವರಿಗೆ ತಿಳಿಸಬೇಕಾದೀತು, ಆದರೆ ನಿನ್ನನ್ನು ಒಂಟಿಯಾಗಿ ಬಿಡುವುದಿಲ್ಲ’ ಎಂದು ಮೊದಲೇ ಹೇಳುವುದೇ ಋಜುವಾದ ಮಾರ್ಗ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸುವುದೂ ಈ ಪಾಠದ ಅಂಗವೇ.

ಇಂದ್ರಿಯಗಳನ್ನು ಗೆಲ್ಲಬೇಕೆಂದು ಬೋಧಿಸುವವರು ಇಂದ್ರಿಯಗಳ ಸ್ವರೂಪವನ್ನು ಬಚ್ಚಿಡುವುದು ಸಲ್ಲದು. ಶೀಲವು ಮೌನದಿಂದ ಉಳಿಯುವುದಿಲ್ಲ. ಅರಿತು ಆಯ್ದುಕೊಂಡುದೇ ಶೀಲ. ಗೃಹಸ್ಥರು ಶಾಲೆಗೆ ಹೋಗಿ ‘ಈ ಪಾಠವನ್ನು ಬಿಡಿಸುವಿರಾ?’ ಎಂದು ಕೇಳುವುದಕ್ಕೆ ಬದಲು ‘ಈ ಪಾಠವನ್ನು ಚೆನ್ನಾಗಿ ಮಾಡುವಿರಾ?’ ಎಂದು ಕೇಳುವಂತಾಗಲಿ. ಮನೆಗೆ ಬಂದು ಮಕ್ಕಳ ಪ್ರಶ್ನೆಗೆ ತಾವೂ ಕಿವಿಗೊಡುವಂತಾಗಲಿ.