ಕೇಳದ ಕಿವಿಯ ಸಾಕ್ಷ್ಯ

ಶಬ್ದವೆಂದರೆ ಕಿವಿಗೆ ಗ್ರಾಹ್ಯವಾದ ಗುಣ ಎಂಬುದು ನ್ಯಾಯ-ವೈಶೇಷಿಕರ ಲಕ್ಷಣ. ಅದಕ್ಕೆ ಆಕಾಶವೇ ಆಶ್ರಯ, ಕಿವಿಯ ಕುಹರದೊಳಗಿನ ಆಕಾಶವೇ ಶ್ರವಣೇಂದ್ರಿಯ, ಹುಟ್ಟಿದ ಸದ್ದು ಅಲೆಯಿಂದ ಅಲೆ ಏಳುವಂತೆ, ಅಂದರೆ ವೀಚೀತರಂಗ ನ್ಯಾಯದಿಂದ, ಅಲ್ಲಿಗೆ ಬಂದು ಮುಟ್ಟುತ್ತದೆ. ಆದರೆ ಯಾರ ಕಿವಿ? ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯ ಒಂದು ಮನೆಯಲ್ಲಿ ಕಂಪ್ಯೂಟರಿನ ಕೀರಲು ದನಿ ಹದಿನೈದರ ಹುಡುಗಿಯ ತಲೆ ಚಿಟ್ಟು ಹಿಡಿಸುತ್ತಿರುವಾಗ, ಪಕ್ಕದಲ್ಲೇ ಕುಳಿತ ತಾತನ ಪಾಲಿಗೆ ಆ ದನಿ ಇಲ್ಲವೇ ಇಲ್ಲ.

ದನಿ ಭ್ರಮೆಯಲ್ಲ. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲೂ ಗ್ರಾಫಿಕ್ಸ್ ಕಾರ್ಡಿನಲ್ಲೂ ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳಿದ್ದು, ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುವ ಕರೆಂಟು ತನ್ನದೇ ಕಾಂತಬಲದಿಂದ ಆ ಸುತ್ತುಗಳನ್ನು ನಡುಗಿಸುತ್ತದೆ; ಸೆರಾಮಿಕ್ ಕೆಪಾಸಿಟರ್‌ಗಳು ವೋಲ್ಟೇಜಿನ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಬೋರ್ಡನ್ನೇ ತಮಟೆಯ ಚರ್ಮದಂತೆ ಅಲುಗಿಸುತ್ತವೆ. ಮನುಷ್ಯನ ಕಿವಿಯ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಸ್ ಎನ್ನುತ್ತಾರಾದರೂ ವಯಸ್ಸು ಏರಿದಂತೆ ಮೇಲಿನ ಎಲ್ಲೆ ಇಳಿಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟೀವಿಗಳ 15,625 ಹರ್ಟ್ಸಿನ ಸಿಳ್ಳು ಹೆಚ್ಚಾಗಿ ಮಕ್ಕಳಿಗೆ, ಹರೆಯದವರಿಗೆ ಕೇಳುತ್ತಿದ್ದುದು ಇದರಿಂದಲೇ.

ಕಂಪ್ಯೂಟರಿನ ಈ ದನಿಯ ಮೂಲವನ್ನು ಹಿಡಿಯುವ ಕ್ರಮವೂ ತಾರ್ಕಿಕರದ್ದೇ. ಕಾರಣವಿದ್ದಾಗ ಕಾರ್ಯವಿರುವುದು ಅನ್ವಯ, ಕಾರಣ ತಪ್ಪಿದಾಗ ಕಾರ್ಯವೂ ತಪ್ಪುವುದು ವ್ಯತಿರೇಕ. ಸ್ಪೀಕರಿನ ಪ್ಲಗ್ ಕಿತ್ತರೂ ದನಿ ಉಳಿದರೆ ಸ್ಪೀಕರ್ ಕಾರಣವಲ್ಲ. ಫ್ಯಾನಿನ ವೇಗ ಬದಲಾಗದೆ, ಪರದೆಯ ಪುಟವನ್ನು ಮೌಸಿನಿಂದ ಉರುಳಿಸಿದಾಗಲೆಲ್ಲ ಚಿರ್ರ್ ಎಂದು ಏರಿ ಬೆರಳು ನಿಂತೊಡನೆ ಇಳಿದರೆ, ಕಾರಣ ತಿರುಗುವ ಭಾಗದಲ್ಲಿರದೆ ಕೆಲಸದ ಹೊರೆಗೆ ತಕ್ಕಂತೆ ಕರೆಂಟು ಏರಿಳಿಯುವ ಕಾಯಿಲಿನಲ್ಲೋ ಕೆಪಾಸಿಟರಿನಲ್ಲೋ ಇದೆ ಎನ್ನಬೇಕು. ಆಟದಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳಿಗೆ ಮಿತಿ ಹಾಕಿದರೆ ಎಷ್ಟೋ ಸಲ ಕಾರ್ಡು ಸುಮ್ಮನಾಗುತ್ತದೆ. ಎಸ್‌ಎಂಪಿಎಸ್ ಬಿಚ್ಚುವುದು ಮಾತ್ರ ಸಲ್ಲದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರ ಚಾರ್ಜು ಉಳಿದಿರಬಹುದು.

ಆದರೆ ಈ ಪರೀಕ್ಷೆಯೆಲ್ಲ ಕೇಳಬಲ್ಲವರಿಗೆ. ಕೇಳದವರು ಸಾಮಾನ್ಯವಾಗಿ "ಏನೂ ಇಲ್ಲ" ಎಂದುಬಿಡುತ್ತಾರೆ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಕಾಣದಿರುವುದನ್ನೂ, ಅಂದರೆ ಅನುಪಲಬ್ಧಿಯನ್ನೂ, ಅಭಾವವನ್ನು ತಿಳಿಸುವ ಪ್ರಮಾಣವೆಂದು ಒಪ್ಪಿದರು. ಆದರೆ ಅದಕ್ಕೊಂದು ಕಟ್ಟುಪಾಡಿದೆ. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವುದು ಸಾಕ್ಷ್ಯ; ಇದೇ ಯೋಗ್ಯಾನುಪಲಬ್ಧಿ. ಬೆಳಕಿನಲ್ಲಿ ಕಾಣದ ಮಡಕೆ ಅಲ್ಲಿಲ್ಲ, ಕತ್ತಲಲ್ಲಿ ಕಾಣದ ಮಡಕೆಯ ಬಗ್ಗೆ ಏನೂ ಹೇಳುವಂತಿಲ್ಲ. ತಾತನ ಕಿವಿ 15,000 ಹರ್ಟ್ಸಿನ ವಿಷಯದಲ್ಲಿ ಕತ್ತಲ ಕೋಣೆ.

ಈ ಯೋಗ್ಯತೆಯ ಮಾತಿಗೆ ತೇನಿ ಜಿಲ್ಲೆಯಲ್ಲೇ ದೊಡ್ಡದೊಂದು ನಿದರ್ಶನವಿದೆ. ಪೊಟ್ಟಿಪುರಂ ಬಳಿಯ ಬೋಡಿ ಪಶ್ಚಿಮ ಬೆಟ್ಟದಡಿಯಲ್ಲಿ 50,000 ಟನ್ ಕಬ್ಬಿಣದ ನ್ಯೂಟ್ರಿನೋ ಶೋಧಕವನ್ನಿಡುವ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಸುತ್ತ ಒಂದು ಕಿಲೋಮೀಟರಿಗೂ ಮಿಕ್ಕಿದ ಬಂಡೆ ಬೇಕಾದದ್ದು ವಿಶ್ವಕಿರಣಗಳ ಗದ್ದಲವನ್ನು ತಡೆದು ಶೋಧಕಕ್ಕೆ ಗ್ರಹಣಯೋಗ್ಯತೆ ಕೊಡಲೆಂದೇ. ಜನರ ಮತ್ತು ತಮಿಳುನಾಡು ಸರ್ಕಾರದ ವಿರೋಧದಿಂದ ಯೋಜನೆ ನಿಂತುಹೋಯಿತು, ಅದು ಬೇರೆ ಚರ್ಚೆ.

ಮನುಷ್ಯನ ಕಿವಿಯೇ ಅಳತೆಯೆಂಬುದೂ ನಿಲ್ಲುವುದಿಲ್ಲ. ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯ ಒಕ್ಕಲಿಗರು ಕಂಬಂನ ತಂಬಿರಾನ್ ದೊಡ್ಡಿಯಲ್ಲಿ ದೇವರೆಂದು ನಮಿಸುವ ದನಗಳಿಗೆ ಸುಮಾರು 35,000 ಹರ್ಟ್ಸಿನವರೆಗೂ ಕೇಳುತ್ತದೆ. ಅವುಗಳಿಗೆ ಗ್ರಾಹ್ಯವಾದುದು ಶಬ್ದವಲ್ಲವೆನ್ನಲು ನೈಯಾಯಿಕರ ಲಕ್ಷಣದಲ್ಲಿ ಆಧಾರವಿಲ್ಲ.

ತಾತನಿಗೆ ಉಳಿದಿರುವುದು ಇನ್ನೊಂದು ಪ್ರಮಾಣ, ಅದರ ಹೆಸರೂ ಶಬ್ದವೇ: ಕಂಡದ್ದನ್ನು ಕಂಡಂತೆ ಹೇಳುವ ಆಪ್ತರ ಮಾತು. ಆಪ್ತರೆಂದರೆ ಹಿರಿಯರೆಂಬ ರೂಢಿ ಇಲ್ಲಿ ತಿರುಗಿಬೀಳುತ್ತದೆ. ತಾತ ಒಂದೊಂದೇ ಪ್ಲಗ್ ಕೀಳಬೇಕು, "ಈಗ ನಿಂತಿತು" ಎನ್ನುವ ಅಧಿಕಾರ ಮೊಮ್ಮಗಳದು.